ನಲವತ್ತಾರಕ್ಕೆ ಆಧಾರ

ಅರಸೀಕೆರೆ
12 ಜೂನ್ 1999

ಡಿಪೊ ಮೇಲ್ವಿಚಾರಕರು, ಬೇಲೂರು, ಇವರಿಗೆ

ಮಾನ್ಯರೇ,

ನಮ್ಮ ಕಾರ್ಖಾನೆಯಲ್ಲಿ ಏಪ್ರಿಲ್‌ನಿಂದ ಪ್ಲಾನಿಂಗ್ ವಿಭಾಗ ಶುರುವಾಗಿರುವುದು ತಮಗೆ ತಿಳಿದೇ ಇದೆ. ಬರುವ ಕಾಫಿ ಕೊಯ್ಲಿಗೆ, ಅಂದರೆ ನವೆಂಬರ್‌ನಿಂದ ಜನವರಿಯವರೆಗೆ, ಬೇಲೂರು ಡಿಪೊದಿಂದ ಬೆಳೆಗಾರರಿಗೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಎಷ್ಟು ಹೋಗಬಹುದು ಎಂಬ ಅಂದಾಜನ್ನು ಕಂಪ್ಯೂಟರಿಗೆ ಕೊಡಬೇಕಾಗಿದೆ. ತಾವು ತಿಂಗಳಿಗೊಂದು ಕಾರ್ಡಿನಲ್ಲಿ ಬರೆದು ಕಳಿಸುತ್ತಿದ್ದ ‘ಹೋದದ್ದು’ ಮಾತ್ರ ನಮ್ಮಲ್ಲಿದೆ. ಆದ್ದರಿಂದ ಕಳೆದ ಐದು ವರ್ಷದ ಮೂಲ ರಿಜಿಸ್ಟರುಗಳನ್ನು, ಬಂದದ್ದು, ಹೋದದ್ದು, ವಾಪಸು ಈ ಮೂರು ಕಾಲಂ ಸಮೇತ, ಚಿಕ್ಕಣ್ಣನ ಟೆಂಪೊದಲ್ಲಿ ಕಳಿಸಿಕೊಡಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಯು. ಲತಾಮಣಿ
ಪ್ಲಾನಿಂಗ್ ಸಹಾಯಕಿ

(ಕಾಗದದ ಹಿಂಬದಿಯಲ್ಲಿ)

ಅಪ್ಪಾ,

ಮನೆಯಿಂದ ಮೂರು ಪತ್ರ ಹಾಕಿದೆ, ಒಂದಕ್ಕೂ ಉತ್ತರವಿಲ್ಲ. ಕಾರ್ಖಾನೆಯ ಹೆಸರು ಅಚ್ಚಾದ ಕಾಗದಕ್ಕೆ ನೀನು ಉತ್ತರ ಬರೆಯದೆ ಇರುವವನಲ್ಲ ಎಂದು ಈ ಉಪಾಯ ಮಾಡಿದ್ದೇನೆ.

ಹನ್ನೊಂದು ವರ್ಷದಿಂದ ಯುಗಾದಿ ಕಳೆದ ಮೇಲೆ ಮಾಲೀಕರಾದ ಗಂಗಾಧರಯ್ಯನವರು ನಿನ್ನನ್ನು ಕರೆಸಿ ‘ಈ ಸಲ ಎಷ್ಟು ಉಗ್ರಪ್ಪ’ ಎಂದು ಕೇಳುವುದು, ನೀನು ಒಂದು ಸಂಖ್ಯೆ ಹೇಳುವುದು, ಕಾರ್ಖಾನೆ ಅಷ್ಟೇ ಯಂತ್ರ ಮಾಡುವುದು ನಡೆದುಬಂದಿತ್ತು. ಈ ಸಲ ನೀನು ನಲವತ್ತಾರು ಎಂದೆ, ಕಂಪ್ಯೂಟರ್ ಎಪ್ಪತ್ತೆಂಟು ಎಂದಿತು. ಎಲ್ಲರೆದುರು ‘ನಲವತ್ತಾರಕ್ಕೆ ಆಧಾರ ಏನು’ ಎಂದು ಕೇಳಿದವಳು ನಾನೇ. ನೀನು ಅಲ್ಲಿಂದಲೇ ಎದ್ದು ಬೇಲೂರಿನ ಬಸ್ಸು ಹತ್ತಿದೆ. ಹದಿನೈದು ದಿನಕ್ಕೊಮ್ಮೆ ಶನಿವಾರ ಬರುತ್ತಿದ್ದವನು ಎರಡು ತಿಂಗಳಿಂದ ಮನೆ ಕಡೆ ತಲೆ ಹಾಕಿಲ್ಲ. ಕೇಳಿದ್ದು ತಪ್ಪೆಂದು ನನಗೆ ಈಗಲೂ ಅನ್ನಿಸಿಲ್ಲ. ಹಾಗೆ ಅಷ್ಟು ಜನರ ಮುಂದೆ ಕೇಳಬಾರದಿತ್ತು, ಅದನ್ನು ಒಪ್ಪುತ್ತೇನೆ. ಅಮ್ಮ ಶನಿವಾರ ಸಂಜೆ ಈಗಲೂ ಮೂರು ಜನಕ್ಕೆ ಮುದ್ದೆ ತಿರುವುತ್ತಾಳೆ.

ಮಣಿ


ಬೇಲೂರು
21 ಜೂನ್ 1999

ಪ್ಲಾನಿಂಗ್ ವಿಭಾಗದ ಮೇಡಂ ಅವರಿಗೆ ಬೇಲೂರು ಡಿಪೊದ ಉಗ್ರಪ್ಪನ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ಏಳನೇ ಕ್ಲಾಸಿಗೆ ಬಿಟ್ಟವನ ಕನ್ನಡ ಇದು, ತಪ್ಪಿದ್ದರೆ ತಿದ್ದಿಕೊಂಡು ಓದುವುದು. ತಿದ್ದುವುದು ತಮಗೆ ಅಭ್ಯಾಸವಾಗಿದೆಯಷ್ಟೆ.

ರಿಜಿಸ್ಟರು ಐದನ್ನೂ ಗೋಣಿಚೀಲದಲ್ಲಿ ಕಟ್ಟಿ ಚಿಕ್ಕಣ್ಣನ ಕೈಗೆ ಕೊಟ್ಟಿದ್ದೇನೆ. ಕೊಡದೆ ಇರೋಣವೇ ಎಂದು ನಾಲ್ಕು ದಿನ ಯೋಚಿಸಿದೆ. ಕಾರ್ಖಾನೆ ಕೇಳಿದ್ದಕ್ಕೆ ಇಲ್ಲ ಎನ್ನುವ ಅಭ್ಯಾಸ ನನಗಿಲ್ಲ.

ಅಂದಾಜು ನಲವತ್ತಾರು. ಏಪ್ರಿಲ್‌ನಲ್ಲಿ ಹೇಳಿದ್ದೂ ಅದೇ, ಈಗಲೂ ಅದೇ. ಆಧಾರ ಕೇಳಿದರೆ ನನ್ನ ಹತ್ತಿರ ಇರುವುದು ಎರಡು ಕಿವಿ, ಎರಡು ಕಾಲು. ತೋಟದ ಗೇಟಿನಲ್ಲಿ ನಿಂತರೆ ಸಾಕು, ಒಳಗೆ ತಿರುಗುತ್ತಿರುವ ಪಲ್ಪರ್ ಇನ್ನೆಷ್ಟು ದಿನ ಬಾಳುತ್ತದೆಂದು ಹೇಳುತ್ತೇನೆ. ಕಿವಿಯನ್ನು ಬಿಚ್ಚಿ ಟೆಂಪೊದಲ್ಲಿ ಕಳಿಸಲು ಆಗುವುದಿಲ್ಲ, ಕ್ಷಮಿಸಬೇಕು.

ಹಿಂಬದಿಗೆ ಉತ್ತರ: ಆ ಕಾರ್ಖಾನೆಯಲ್ಲಿ ನಾನು ಸುತ್ತಿಗೆ ಹಿಡಿದಾಗ ಹದಿನೆಂಟು ವರ್ಷ. ನಮ್ಮವರಿಗೆ ಟೀ ಲೋಟ ಬೇರೆ ಇಟ್ಟಿದ್ದ ಕಾಲ. ಅಂಥ ಕಡೆ ವರ್ಷಕ್ಕೊಂದು ದಿನ ಕುರ್ಚಿ ಕೊಟ್ಟು ಕೂರಿಸಿ ನನ್ನ ಮಾತು ಕೇಳುತ್ತಿದ್ದರು. ಆ ಒಂದು ದಿನವನ್ನು ನೀನು ಕಿತ್ತುಕೊಂಡೆ. ಕೆಲಸಕ್ಕಾಗಿ ಕೇಳಿದೆ ಅನ್ನುತ್ತೀಯ, ಇರಬಹುದು. ನನಗೆ ಆದ ನೋವು ಇನ್ನೂ ಹಾಗೇ ಇದೆ. ನಿಮ್ಮಮ್ಮನಿಗೆ ಇಬ್ಬರಿಗೇ ತಿರುವಲು ಹೇಳು.

ಉಗ್ರಪ್ಪ


ಅರಸೀಕೆರೆ
5 ಜುಲೈ 1999

ಅಪ್ಪಾ,

ಈ ಸಲ ಮೇಡಂ ಬೇಡ, ಮಾನ್ಯರೇ ಬೇಡ. ವಿಷಯ ದೊಡ್ಡದಿದೆ.

ಮೊದಲು ಈ ಕಂಪ್ಯೂಟರ್ ಏನು ಮಾಡುತ್ತದೆ ಎಂದು ಹೇಳುತ್ತೇನೆ, ನೀನು ಅದನ್ನು ನಿನ್ನ ದಾಯಾದಿಯ ಹಾಗೆ ನೋಡುವುದು ಬಿಡಬೇಕು. ಅದರೊಳಗೆ ನಮ್ಮ ಯಂತ್ರದ ವಂಶವೃಕ್ಷ ಬರೆದಿಟ್ಟಿದ್ದೇವೆ. ಮೇಲೆ ಪಲ್ಪರ್. ಅದರ ಕೆಳಗೆ ಸಿಪ್ಪೆ ಸುಲಿಯುವ ಡ್ರಮ್ಮು, ಎರಕದ ಸ್ಟ್ಯಾಂಡು, ಹಣ್ಣು ಸುರಿಯುವ ಹಾಪರ್, ತಿರುಗಿಸುವ ಚಕ್ರ. ಡ್ರಮ್ಮಿನ ಕೆಳಗೆ ಮತ್ತೆ ಶಾಫ್ಟು, ಬೇರಿಂಗು, ಹಲ್ಲು ಒತ್ತಿದ ತಾಮ್ರದ ತಗಡು. ಮೇಲೆ ಇಷ್ಟು ಯಂತ್ರ, ಇಂಥ ತಿಂಗಳಿಗೆ ಎಂದು ಒಂದು ಸಂಖ್ಯೆ ಕೊಟ್ಟರೆ ಅದು ಕೆಳಕ್ಕಿಳಿಯುತ್ತಾ ಪ್ರತಿಯೊಂದೂ ಎಷ್ಟು ಬೇಕು, ಕೈಯಲ್ಲಿ ಎಷ್ಟಿದೆ, ಬಾಕಿಯನ್ನು ಯಾವತ್ತು ಹೇಳಿಹಾಕಬೇಕು ಎಂದು ಬರೆದುಕೊಡುತ್ತದೆ. ಎರಕಕ್ಕೆ ಮೂರು ತಿಂಗಳು ಬೇಕು, ತಗಡಿಗೆ ಆರು ವಾರ. ಅಮ್ಮ ಇದನ್ನು ಕೇಳಿ, ‘ನೂರು ಜನಕ್ಕೆ ಅಡಿಗೆ ಮಾಡೋಳು ಹಿಂದಿನ್ ದಿನಾನೇ ಕಾಳು ನೆನೆ ಹಾಕಲ್ವಾ, ಇದಕ್ಕೊಂದು ಮಿಷಿನ್ ಬೇಕಾ’ ಎಂದಳು. ಸರಿಯೇ. ಎಷ್ಟು ಜನ ಊಟಕ್ಕೆ ಬರುತ್ತಾರೆ ಎಂಬುದನ್ನು ಮಾತ್ರ ಮಿಷಿನ್ ಹೇಳುವುದಿಲ್ಲ, ನಾವು ಹೇಳಬೇಕು.

ಅಲ್ಲೇ ಸಿಕ್ಕಿಬಿದ್ದಿರುವುದು. ನಿನ್ನ ರಿಜಿಸ್ಟರು ಐದನ್ನೂ ಹದಿನಾಲ್ಕು ದಿನ ಕೂತು ಕಂಪ್ಯೂಟರಿಗೆ ತುಂಬಿದೆ. ಐದು ವರ್ಷದಲ್ಲಿ ಅರಸೀಕೆರೆಯಿಂದ ಡಿಪೊಗೆ ಬಂದ ಯಂತ್ರ ಇನ್ನೂರ ಹದಿನೈದು. ಡಿಪೊದಿಂದ ಹೋದದ್ದು ಮುನ್ನೂರ ಐವತ್ತಾರು. ಮೂರು ಸಲ ಕೂಡಿದೆ. ನೂರ ನಲವತ್ತೊಂದು ಯಂತ್ರ ಎಲ್ಲಿಂದ ಬಂದವು ಅಪ್ಪಾ? ನಿನ್ನ ಡಿಪೊದಲ್ಲಿ ಯಂತ್ರಗಳು ಮರಿ ಹಾಕುತ್ತವೆಯೇ? ಉಳಿದ ಮಾಲೆಲ್ಲ ಕಾರ್ಖಾನೆಗೆ ವಾಪಸು ಬರಬೇಕೆಂಬ ನಿಯಮವಿದೆ, ಆ ಕಾಲಂನಲ್ಲಿ ಐದು ವರ್ಷವೂ ಒಂದು ಅಕ್ಷರವಿಲ್ಲ. ಈ ರಿಜಿಸ್ಟರು ಬೇಲೂರು ಬಿಟ್ಟು ಹೊರಗೆ ಬಂದೇ ಇರಲಿಲ್ಲ, ಬಂದದ್ದು, ಹೋದದ್ದು ಎರಡನ್ನೂ ಪಕ್ಕಪಕ್ಕ ಇಟ್ಟು ಯಾರೂ ನೋಡಿರಲಿಲ್ಲ.

ಇನ್ನೊಂದು. ಬಿಕ್ಕೋಡಿನ ಗಿಡ್ಡಯ್ಯ ಎಂಬವರಿಗೆ ಮೂರು ಎಕರೆ ತೋಟ. ಐದು ವರ್ಷದಲ್ಲಿ ನಾಲ್ಕು ಪಲ್ಪರ್ ಒಯ್ದಿದ್ದಾರೆ. ಅವರಿಗೆ ಎಷ್ಟು ಕೈ ಇವೆ?

ಎರಕದ ಆರ್ಡರು ಜುಲೈ ಮೂವತ್ತೊಂದರೊಳಗೆ ಫೌಂಡ್ರಿಗೆ ಹೋಗಬೇಕು. ಕಂಪ್ಯೂಟರ್ ತಂದವರು ಗಂಗಾಧರಯ್ಯನವರ ಮಗ ಕುಮಾರಸ್ವಾಮಿಯವರು. ಅವರ ತಂದೆಗೆ ಅದರ ಮೇಲೆ ನಂಬಿಕೆಯಿಲ್ಲ. ಈ ಕೊಯ್ಲಿನಲ್ಲಿ ಸಂಖ್ಯೆ ತಪ್ಪಿದರೆ ಆ ಕೋಣೆಗೆ ಬೀಗ ಹಾಕಿ ಹುಡುಗಿಯನ್ನು ಮನೆಗೆ ಕಳಿಸುತ್ತೇನೆ ಎಂದು ಗಂಗಾಧರಯ್ಯನವರು ನನ್ನೆದುರೇ ಹೇಳಿದ್ದಾರೆ. ಆ ಹುಡುಗಿ ನಾನು. ನಿನ್ನ ಸಂಬಳದಲ್ಲಿ ಓದಿ, ನಾಲ್ಕು ಇಂಟರ್‌ವ್ಯೂನಲ್ಲಿ ಹೆಸರು ಕೇಳಿ ಊರು ಕೇಳಿ ವಾಪಸು ಕಳಿಸಿಕೊಂಡು, ಸಿಕ್ಕಿದ ಕೆಲಸ ಇದು. ಬಿಡುವುದಿಲ್ಲ.

ನಿಜ ಬರೆ.

ಮಣಿ


ಬೇಲೂರು
11 ಜುಲೈ 1999

ಮಣಿಗೆ,

ಬರೆಯುವಾಗ ತಪ್ಪಾಗಿರಬಹುದು. ಕೊಯ್ಲಿನ ದಿನಗಳಲ್ಲಿ ಡಿಪೊದ ಮುಂದೆ ಜೀಪು ಸಾಲುಗಟ್ಟಿ ನಿಂತಿರುತ್ತವೆ. ಒಬ್ಬನೇ ಮನುಷ್ಯ, ಒಂದು ಕೈಯಲ್ಲಿ ಸ್ಪ್ಯಾನರು, ಒಂದು ಕೈಯಲ್ಲಿ ಪೆನ್ನು. ಅದನ್ನು ಹಿಡಿದು ಎಳೆಯಬೇಡ.

ನಲವತ್ತಾರು ಎಂದು ಹಾಕಿ ಮುಗಿಸು. ಹನ್ನೊಂದು ವರ್ಷದಲ್ಲಿ ನಾನು ಹೇಳಿದ್ದು ಒಂದು ಸಲವಾದರೂ ತಪ್ಪಿದೆಯಾ, ಗಂಗಾಧರಯ್ಯನವರನ್ನು ಕೇಳು.

ಬಿಕ್ಕೋಡಿಗೆ ಹೋಗುವ ಯೋಚನೆ ಮಾಡಿದ್ದರೆ ಬಿಡು. ಈಗ ಮಳೆ, ಜಿಗಣೆ, ಬಸ್ಸಿಗೆ ಹೊತ್ತುಗೊತ್ತಿಲ್ಲ. ನಿನ್ನ ಕೆಮ್ಮು ವಾಸಿಯಾಯಿತೆಂದು ಚಿಕ್ಕಣ್ಣ ಹೇಳಿದ.

ಉಗ್ರಪ್ಪ


ಅರಸೀಕೆರೆ
19 ಜುಲೈ 1999

ಅಪ್ಪಾ,

ಹೋಗಬೇಡ ಎನ್ನುವವರೆಗೆ ನನಗೆ ಹೋಗುವ ಯೋಚನೆ ಇರಲಿಲ್ಲ. ನಿನ್ನೆ ಭಾನುವಾರ ಹೋಗಿಬಂದೆ.

ಗಿಡ್ಡಯ್ಯನವರು ಮನೆಯಲ್ಲಿರಲಿಲ್ಲ, ಅವರ ಹೆಂಡತಿ ರುದ್ರಮ್ಮ ಇದ್ದರು. ಕಾರ್ಖಾನೆಯಿಂದ ಬಂದಿದ್ದೇನೆ ಎಂದಾಗ ಬಾಗಿಲಲ್ಲೇ ನಿಲ್ಲಿಸಿದರು. ಉಗ್ರಪ್ಪನ ಮಗಳು ಎಂದಾಗ ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು, ನನಗೂ ಅವರಿಗೂ ಒಂದೇ ಥರದ ಲೋಟದಲ್ಲಿ. ಜಗಲಿಯಲ್ಲಿ ಇದ್ದದ್ದು ಒಂದೇ ಒಂದು ಪಲ್ಪರ್. ಹಿತ್ತಾಳೆ ಪಟ್ಟಿಯ ಮೇಲೆ 1986 ಎಂದಿದೆ. ಸ್ಟ್ಯಾಂಡಿಗೆ ತುಕ್ಕು, ಹಾಪರ್ ಎರಡು ಕಡೆ ತಗ್ಗಾಗಿದೆ. ಡ್ರಮ್ಮಿನ ತಾಮ್ರ ಮಾತ್ರ ಮೊನ್ನೆ ಹಾಕಿದ ಹಾಗೆ ಹೊಳೆಯುತ್ತಿತ್ತು.

ಹೇಗೆ ಎಂದು ಕೇಳಿದೆ. ಅವರು ಅದೇನು ದೊಡ್ಡ ವಿಷಯ ಎನ್ನುವಂತೆ ಹೇಳಿದರು: ‘ಹಣ್ಣು ಕಿತ್ ದಿನಾನೇ ಸಿಪ್ಪೆ ಬಿಡಿಸ್ಬೇಕು ಕಣವ್ವ. ಹೋದ ವರ್ಷ ಅರ್ಧ ಕುಯ್ಲಲ್ಲಿ ಡ್ರಮ್ಮು ಸವೆದೋಯ್ತು. ಮಿಷಿನ್ ಅರಸೀಕೆರೆಗೆ ಕಳ್ಸಿದ್ರೆ ಮೂರು ವಾರ ಅಂತಾರೆ. ನಿಮ್ಮಪ್ಪಾರು ಸಾಯಂಕಾಲ ಜೀಪಲ್ ಬಂದು ಹೊಸ ಡ್ರಮ್ಮು ಹಾಕಿ, ಹಳೇದು ತಗೊಂಡೋದ್ರು. ಅವ್ರು ಬರ್ದೇ ಇದ್ದಿದ್ರೆ ನಮ್ ಹಣ್ಣೆಲ್ಲ ತಿಪ್ಪೆಗೆ.’

ಡ್ರಮ್ಮನ್ನು ಬಿಡಿಯಾಗಿ ಕೊಡಕೂಡದು ಎಂಬುದು ಗಂಗಾಧರಯ್ಯನವರ ನಿಯಮ. ಕೊಟ್ಟರೆ ಯಾರೂ ಹೊಸ ಯಂತ್ರ ಕೊಳ್ಳುವುದಿಲ್ಲ ಎಂದು ಅವರ ವಾದ. ನಿನಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಡಿಪೊದಲ್ಲಿರುವ ಹೊಸ ಯಂತ್ರದ ಡ್ರಮ್ಮು ಬಿಚ್ಚಿ ಕೊಟ್ಟೆ. ರಿಜಿಸ್ಟರಿನಲ್ಲಿ ಡ್ರಮ್ಮಿಗೆ ಕಾಲಂ ಇಲ್ಲ, ಅದಕ್ಕೇ ಯಂತ್ರ ಹೋಯಿತು ಎಂದು ಬರೆದೆ. ಮುಂದಿನದು ನನಗೆ ಗೊತ್ತಿಲ್ಲ. ಡ್ರಮ್ಮು ಕಳೆದುಕೊಂಡ ಆ ಯಂತ್ರಗಳು ಎಲ್ಲಿವೆ?

ವಾಪಸು ಬರುವಾಗ ಬಸ್ಸು ಬೇಲೂರಿನಲ್ಲಿ ಇಪ್ಪತ್ತು ನಿಮಿಷ ನಿಂತಿತ್ತು. ಕಿಟಕಿಯಿಂದ ಡಿಪೊ ಕಾಣುತ್ತದೆ. ನೀನು ಬಾಗಿಲಲ್ಲಿ ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದೆ, ತುಂಬ ಸಣ್ಣಗಾಗಿದ್ದೀಯ. ಇಳಿಯಲು ಎದ್ದು ನಿಂತೆ. ಇಳಿದರೆ ನಿನ್ನ ಮುಖ ನೋಡಿ ನಲವತ್ತಾರಕ್ಕೆ ಒಪ್ಪಿಬಿಡುತ್ತೇನೆ ಎಂದು ಗೊತ್ತಿತ್ತು. ಕೂತುಕೊಂಡೆ. ಹಳೇಬೀಡು ದಾಟುವವರೆಗೂ ಅಳು ಬರುತ್ತಲೇ ಇತ್ತು.

ಈಗ ನನ್ನ ತೀರ್ಮಾನ. ಎಪ್ಪತ್ತೆಂಟು ಸುಳ್ಳೆಂದು ಗೊತ್ತಾದ ಮೇಲೆ ಅದನ್ನು ಹಾಕುವುದಿಲ್ಲ. ಆಧಾರವಿಲ್ಲದ ನಲವತ್ತಾರನ್ನೂ ಹಾಕುವುದಿಲ್ಲ. ನೀನು ಮಾಡಿದ್ದನ್ನು ನಾನಾಗಿ ಅವರಿಗೆ ಹೇಳುವುದೂ ಇಲ್ಲ. ನೀನೇ ಬರೆದುಕೊಡಬೇಕು. ಹನ್ನೆರಡು ದಿನ ಇದೆ.

ಮಣಿ


ಬೇಲೂರು
24 ಜುಲೈ 1999, ಶನಿವಾರ

ಮಗಾ,

ಚಿಕ್ಕಣ್ಣನ ಕೈಲಿ ಈ ಕಾಗದದ ಜೊತೆ ಒಂದು ಬಿಸ್ಕತ್ತಿನ ಡಬ್ಬಿ ಕಳಿಸಿದ್ದೇನೆ. ಹುಷಾರಾಗಿ ತೆಗೆ, ಅಂಚು ಕೈ ಕೊಯ್ಯುತ್ತದೆ.

ಕೊಯ್ಲು ಮುಗಿದ ಮೇಲೆ ಸವೆದ ಡ್ರಮ್ಮುಗಳಿಗೆ ನಾನೇ ಹೊಸ ತಗಡು ಹೊದಿಸುತ್ತೇನೆ. ರಿಪೇರಿಗೆಂದು ಕಾರ್ಖಾನೆ ಕಳಿಸುವ ತಗಡು ಅದು. ಬೇರಿಂಗು ಬದಲಿಸಿ ಆ ಖಾಲಿ ಯಂತ್ರಗಳಿಗೆ ಕೂರಿಸಿ ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲು ಮುಚ್ಚಿ ಇಡುತ್ತೇನೆ. ಮುಂದಿನ ಕೊಯ್ಲಿನಲ್ಲಿ ಯಾರಿಗಾದರೂ ಡ್ರಮ್ಮು ಬೇಕಾದರೆ ಮೊದಲು ಕೈ ಹಾಕುವುದು ಅವುಗಳಿಗೇ. ಹೊಸ ಯಂತ್ರ ಎಂದು ಅವುಗಳನ್ನು ಯಾರಿಗೂ ಕೊಟ್ಟಿಲ್ಲ. ಬೆಳೆಗಾರರಿಗೆ ರಶೀದಿ ಕೊಟ್ಟದ್ದೂ ರಿಪೇರಿಯದೇ. ಈಗ ಶೆಡ್ಡಿನಲ್ಲಿ ಇಪ್ಪತ್ತೊಂಬತ್ತು ನಿಂತಿವೆ. ಸ್ಟ್ಯಾಂಡು, ಹಾಪರ್, ಚಕ್ರ ಯಾವುದಕ್ಕೂ ಒಂದು ಹಣ್ಣು ತಾಗಿಲ್ಲ. ವಾಪಸು ಎಂದು ಬರೆದರೆ ಯಾಕೆ ವಾಪಸು ಎಂದು ಕೇಳುತ್ತಾರೆ, ಅದಕ್ಕೇ ಬರೆಯಲಿಲ್ಲ.

ನನ್ನ ಸಂಖ್ಯೆ ಯಾವತ್ತೂ ತಪ್ಪದೆ ಇದ್ದದ್ದು ಇದಕ್ಕೇ. ಶೆಡ್ಡಿನಲ್ಲಿ ಎಷ್ಟಿದೆ ಎಂದು ನನಗೊಬ್ಬನಿಗೇ ಗೊತ್ತಿತ್ತು. ಜನ ಅದನ್ನು ಉಗ್ರಪ್ಪನ ಕೈಗುಣ ಎಂದರು, ನಾನು ಅಲ್ಲ ಎನ್ನಲಿಲ್ಲ. ಅದು ನನ್ನ ತಪ್ಪು.

ಮೊದಲನೇ ಸಲ ಕೊಟ್ಟದ್ದು 1988ರ ಡಿಸೆಂಬರಿನಲ್ಲಿ, ಒಬ್ಬ ವಿಧವೆಗೆ. ಅಂಗಳದಲ್ಲಿ ಹಣ್ಣಿನ ಹುಳಿ ವಾಸನೆ ಬರುತ್ತಿತ್ತು, ಆಕೆ ಕೆಟ್ಟದ್ದನ್ನು ಆರಿಸಿ ಎಸೆಯುತ್ತಿದ್ದಳು. ಆಮೇಲೆ ಒಬ್ಬರಿಗೆ ಕೊಟ್ಟು ಒಬ್ಬರಿಗೆ ಇಲ್ಲ ಅನ್ನುವುದು ಹೇಗೆ? ಗಂಗಾಧರಯ್ಯನವರಿಗೆ ಹೇಳೋಣ ಎಂದು ಪ್ರತಿ ಯುಗಾದಿಗೂ ಹೊರಡುತ್ತಿದ್ದೆ. ಆ ಕುರ್ಚಿ ನೋಡಿದ ಕೂಡಲೇ ಸಂಖ್ಯೆಯೊಂದನ್ನೇ ಹೇಳಿ ಎದ್ದು ಬರುತ್ತಿದ್ದೆ. ಬೇರೆಯವರು ನಿಯಮ ಮುರಿದರೆ ಅಚಾತುರ್ಯ ಎನ್ನುತ್ತಾರೆ. ನಮ್ಮವರು ಮುರಿದರೆ ಕಳ್ಳತನ ಎನ್ನುತ್ತಾರೆ. ನಿನಗೂ ಅದೇ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಮೇಲೆ ಹೆದರಿಕೆ ಇನ್ನೂ ಹೆಚ್ಚಾಯಿತು, ಕಳ್ಳನ ಮಗಳು ಎನ್ನುತ್ತಾರಲ್ಲ ಎಂದು.

ಆಧಾರ ಏನು ಎಂದು ಕೇಳಿದೆಯಲ್ಲ, ಡಬ್ಬಿಯಲ್ಲಿದೆ. ಬದಲಿಸಿದ ಪ್ರತಿ ಡ್ರಮ್ಮಿನಿಂದ ಹಳೆ ತಗಡಿನ ಒಂದು ತುಂಡು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಹಿಂದೆ ಮೊಳೆಯಲ್ಲಿ ಹೆಸರು, ಊರು, ತಾರೀಕು ಗೀಚಿದೆ. ಮುಂದೆ ಹಲ್ಲು ಎಷ್ಟು ಸವೆದಿದೆ ಎಂದು ಬೆರಳಾಡಿಸಿ ನೋಡು. ಯಾವ ತೋಟದಲ್ಲಿ ಎಷ್ಟು ವರ್ಷಕ್ಕೆ ಸವೆಯುತ್ತದೆ, ಮುಂದೆ ಯಾವಾಗ ಬೇಕಾಗುತ್ತದೆ ಎಂದು ನಾನು ಹೇಳುವುದು ಅದರಿಂದಲೇ. ಐದು ವರ್ಷದ್ದನ್ನು ಮಾತ್ರ ಕಳಿಸಿದ್ದೇನೆ. ಎಣಿಸು, ನಿನ್ನ ನೂರ ನಲವತ್ತೊಂದು ಬರುತ್ತದೆ.

ಅವರಿಗೆ ತೋರಿಸು. ಈ ಕಾಗದವನ್ನೂ ತೋರಿಸು, ಕೆಳಗೆ ಪೂರ್ತಿ ಸಹಿ ಹಾಕಿದ್ದೇನೆ.

ಜಿ. ಉಗ್ರಪ್ಪ
ಡಿಪೊ ಮೇಲ್ವಿಚಾರಕ, ಬೇಲೂರು


ಅರಸೀಕೆರೆ
2 ಆಗಸ್ಟ್ 1999

ಅಪ್ಪಾ,

ಶುಕ್ರವಾರ ಮೀಟಿಂಗ್ ಆಯಿತು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ನಿನ್ನ ಕಾಗದ ಓದಿ ಕುಮಾರಸ್ವಾಮಿಯವರ ಮುಖ ಕೆಂಪಾಯಿತು. ನಿಯಮ ಮುರಿದದ್ದು ಮುರಿದದ್ದೇ, ಮೆಮೊ ಕೊಡಲೇಬೇಕು ಎಂದರು. ಫೋರ್‌ಮನ್ ಚನ್ನಪ್ಪನವರೂ ಅಲ್ಲಿದ್ದರು. ಗಂಗಾಧರಯ್ಯನವರು ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಒಂದೊಂದೇ ತುಂಡು ಎತ್ತಿ, ಕನ್ನಡಕ ಹಣೆಗೇರಿಸಿ ಹೆಸರು ಓದುತ್ತಾ ಹೋದರು. ಅರ್ಧ ಗಂಟೆ ಅದೇ ಕೆಲಸ. ಒಂದು ತುಂಡನ್ನು ಪಕ್ಕಕ್ಕೆ ತೆಗೆದಿಟ್ಟರು. ಅದರ ಮೇಲೆ ಚನ್ನಬಸವಯ್ಯ ಎಂದಿತ್ತು, ಅವರ ಸ್ವಂತ ಭಾವ. ‘ನಿಮ್ ಕಾರ್ಖಾನೆ ಮಿಷಿನ್ ಕೈ ಕೊಡಲ್ಲ ಅಂತ ಹೋದ್ ಕಡೆಯೆಲ್ಲ ಹೇಳ್ತಾರೆ ಇವರು’ ಎಂದರು. ಆಮೇಲೆ, ‘ಆ ಹೊಗಳಿಕೆನೆಲ್ಲ ನಾನು ತಗೊಂಡೆ. ಯಾರ್ದು ಅಂತ ಇವತ್ತು ಗೊತ್ತಾಯ್ತು’ ಎಂದರು.

ನಾನು ಎದ್ದು ನಿಂತು ಹೇಳಬೇಕಾದ್ದನ್ನು ಹೇಳಿದೆ. ನನ್ನ ಎಪ್ಪತ್ತೆಂಟು ತಪ್ಪು. ಅಪ್ಪನ ನಲವತ್ತಾರೂ ಇನ್ನು ಮೇಲೆ ಸರಿಯಲ್ಲ. ನಲವತ್ತಾರು ಜನ ಯಂತ್ರ ಕೊಳ್ಳುತ್ತಾರೆ ನಿಜ, ಆದರೆ ಇಪ್ಪತ್ತೊಂಬತ್ತು ಶೆಡ್ಡಿನಲ್ಲೇ ಇವೆ. ಎರಕ ಹೇಳಬೇಕಾದ್ದು ಹದಿನೇಳಕ್ಕೆ ಮಾತ್ರ. ಬಾಕಿ ಶಕ್ತಿಯೆಲ್ಲ ಡ್ರಮ್ಮಿಗೆ ಹೋಗಬೇಕು. ಇದುವರೆಗೆ ಕಂಪ್ಯೂಟರಿನಲ್ಲಿ ಡ್ರಮ್ಮು ಯಂತ್ರದ ಹೊಟ್ಟೆಯೊಳಗಿನ ಒಂದು ಭಾಗ, ಅಷ್ಟೆ. ಯಂತ್ರ ಬೇಕೆಂದಾಗ ಮಾತ್ರ ಅದು ಬೇಕಾಗುತ್ತಿತ್ತು. ಇನ್ನು ಮೇಲೆ ಅದನ್ನು ತಾನಾಗಿಯೂ ಕೇಳುವವರಿದ್ದಾರೆ ಎಂದು ಬರೆಯಬೇಕು, ಬಿಡಿಯಾಗಿ ಕೊಡಬೇಕು. ಮೊದಲ ಅಂದಾಜು ಮೂವತ್ತು ಡ್ರಮ್ಮು ಎಂದೆ.

ಬಹಳ ವಾದವಾಯಿತು. ಕೊನೆಗೆ ಗಂಗಾಧರಯ್ಯನವರು ಒಪ್ಪಿದರು, ಷರತ್ತು ಹಾಕಿ. ಚನ್ನಪ್ಪ ಬಂದು ಶೆಡ್ಡಿನ ಇಪ್ಪತ್ತೊಂಬತ್ತನ್ನೂ ಪರೀಕ್ಷೆ ಮಾಡಬೇಕು. ಕೊಯ್ಲು ಮುಗಿದಾಗ ಡ್ರಮ್ಮು ರಾಶಿ ಬಿದ್ದಿದ್ದರೆ, ಇಲ್ಲವೇ ಸಾಲದೆ ಬಂದು ಯಂತ್ರ ಬಿಚ್ಚಿದ್ದು ಗೊತ್ತಾದರೆ, ನನ್ನ ಕೋಣೆಗೂ ಬೀಗ, ನಿನ್ನ ಡಿಪೊಗೂ ಬೀಗ.

ಮೆಮೊ ಇದರ ಜೊತೆ ಇದೆ. ಆಫೀಸಿನಲ್ಲಿ ಕನ್ನಡ ಟೈಪ್ ಬರುವುದು ನನಗೊಬ್ಬಳಿಗೇ. ‘ಸದರಿ ಉಗ್ರಪ್ಪ’ ಎಂದು ನಾಲ್ಕು ಕಡೆ ಹೊಡೆಯಬೇಕಾಯಿತು. ಒಂದು ಅಕ್ಷರ ತಪ್ಪಿಲ್ಲದೆ ಹೊಡೆದಿದ್ದೇನೆ, ಹೊಡೆದು ಮುಗಿಸಿ ಹಿತ್ತಲಿಗೆ ಹೋಗಿ ಅತ್ತೆ. ಸಹಿ ಮಾಡಿ ಕಳಿಸು. ಮನೆಗೆ ಬಾ.

ಮಣಿ


ಬೇಲೂರು
14 ಆಗಸ್ಟ್ 1999

ಮಗಾ,

ಮೆಮೊಗೆ ಸಹಿ ಮಾಡಿದ್ದೇನೆ. ಟೈಪು ಚೆನ್ನಾಗಿದೆ. ನಾನು ಅಂದುಕೊಂಡಿದ್ದಕ್ಕಿಂತ ಕಡಿಮೆಯೇ ಬೈದಿದ್ದಾರೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಿನ್ನೆ ಮಲಗಿದ ಕೂಡಲೇ ನಿದ್ದೆ ಬಂತು.

ಚನ್ನಪ್ಪ ಬಂದು ಎರಡು ದಿನ ಇದ್ದ. ಇಪ್ಪತ್ತೊಂಬತ್ತನ್ನೂ ತಿರುಗಿಸಿ ನೋಡಿ, ‘ಏನ್ಲಾ ಉಗ್ರ, ನನ್ ಕೈಯಲ್ಲೂ ಹಿಂಗ್ ಕೂರಲ್ಲ ಕಣ್ಲಾ ತಗಡು’ ಎಂದ. ಎಲ್ಲಾ ಪಾಸು.

ಈಗ ನಿನ್ನ ಪ್ಲಾನಿಗೆ ಬರುತ್ತೇನೆ. ಮೂವತ್ತು ಡ್ರಮ್ಮು ಸಾಲದು, ನಲವತ್ತು ಹಾಕು. ಆಧಾರ ಕೇಳುವ ಮೊದಲೇ ಹೇಳುತ್ತೇನೆ. ಒಂದು, ಈ ಸಲ ಹೂಮಳೆ ಹೊತ್ತಿಗೆ ಸರಿಯಾಗಿ ಬಿದ್ದಿದೆ, ಗಿಡ ಬಗ್ಗುವಷ್ಟು ಕಾಯಿ ನಿಂತಿದೆ. ಹೆಚ್ಚು ಹಣ್ಣು ಅರೆದರೆ ಹಲ್ಲು ಬೇಗ ಸವೆಯುತ್ತದೆ. ಎರಡು, ತೊಂಬತ್ತೈದರಲ್ಲಿ ಬಂದ ತಗಡು ತೆಳು. ಆ ವರ್ಷದ ತುಂಡುಗಳನ್ನು ಬೇರೆ ಮಾಡಿ ಹೆಸರು ನೋಡು, ಅವರೆಲ್ಲ ಈ ಸಲ ಬರುತ್ತಾರೆ. ಹದಿಮೂರು ಜನ.

ಇನ್ನೊಂದು ತಪ್ಪು. ನೀನು ಮೂರು ತಿಂಗಳಿಗೂ ಸಮನಾಗಿ ಹಂಚಿದ್ದೀಯೆಂದು ಚನ್ನಪ್ಪ ಹೇಳಿದ. ನವೆಂಬರಿನಲ್ಲಿ ಯಾರ ಡ್ರಮ್ಮೂ ಸವೆಯುವುದಿಲ್ಲ ಕಣವ್ವ. ಸವೆಯುವುದು ಅರ್ಧ ಕೊಯ್ಲು ಆದ ಮೇಲೆ. ನವೆಂಬರಿಗೆ ಆರು, ಡಿಸೆಂಬರಿಗೆ ಇಪ್ಪತ್ತೆರಡು, ಜನವರಿಗೆ ಹನ್ನೆರಡು. ಡಿಸೆಂಬರಿನದರಲ್ಲೂ ಹೆಚ್ಚಿನವು ಇಪ್ಪತ್ತನೇ ತಾರೀಕಿನ ಆಚೆ. ಇದನ್ನು ನಿನ್ನ ಕಂಪ್ಯೂಟರಿನಲ್ಲಿ ಎಲ್ಲಿ ಬರೆಯುತ್ತೀಯೋ ನೋಡು.

ಮನೆಗೆ ಈಗ ಬರುವುದಿಲ್ಲ. ಸಿಟ್ಟಿಲ್ಲ, ಅದನ್ನು ಮೊದಲು ತಿಳಿದುಕೋ. ಸಂಖ್ಯೆ ಸರಿ ಬಂದ ಮೇಲೆ ಬರುತ್ತೇನೆ. ಅಲ್ಲಿಯವರೆಗೆ ಇಬ್ಬರ ಬೀಗವೂ ನನ್ನ ತಲೆಯ ಮೇಲಿದೆ.

ಅಪ್ಪ


ಅರಸೀಕೆರೆ
30 ಆಗಸ್ಟ್ 1999

ಅಪ್ಪಾ,

ನಲವತ್ತು ಹಾಕಿದೆ. ನಿನ್ನ ತಿಂಗಳುಗಳನ್ನೇ ಹಾಕಿದೆ. ಕುಮಾರಸ್ವಾಮಿಯವರು ಯಾಕೆ ಎಂದಾಗ ತೊಂಬತ್ತೈದರ ತುಂಡುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ. ಅವರು ಎಣಿಸಿದರು, ಹದಿನಾಲ್ಕು ಬಂತು. ನೀನು ಒಂದು ಬಿಟ್ಟಿದ್ದೆ, ಚನ್ನಬಸವಯ್ಯನವರದ್ದೇ!

ಒಂದು ಮಾತು ಕೊಡಬೇಕು. ಡ್ರಮ್ಮು ಕಡಿಮೆ ಬಿತ್ತು ಅಂತ ಕಂಡರೆ ಯಂತ್ರಕ್ಕೆ ಕೈ ಹಾಕಬೇಡ. ನನಗೆ ತಿಳಿಸು. ಎಷ್ಟೇ ಕಷ್ಟವಾದರೂ ನಾನು ಕಳಿಸುತ್ತೇನೆ.

ಅಮ್ಮ ಮುಂದಿನ ಭಾನುವಾರ ಅಲ್ಲಿಗೆ ಬರುತ್ತಾಳಂತೆ. ಸಂಖ್ಯೆಗೂ ನನಗೂ ಏನೂ ಸಂಬಂಧವಿಲ್ಲ, ನನ್ನ ಗಂಡನನ್ನು ನೋಡಲು ಕಂಪ್ಯೂಟರಿನ ಅಪ್ಪಣೆ ಬೇಡ ಎಂದಳು.

ಮಣಿ


ಬೇಲೂರು
22 ಡಿಸೆಂಬರ್ 1999

ಮಗಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಫೋನು ಕೆಟ್ಟಿದೆ, ಅರಸೀಕೆರೆ ಬಸ್ಸಿನ ಕಂಡಕ್ಟರ್ ಕೈಲಿ ಕೊಡುತ್ತೇನೆ. ಇಲ್ಲಿಯವರೆಗೆ ಬಂದ ಹದಿನಾರು ಡ್ರಮ್ಮೂ ಖಾಲಿ. ಇವತ್ತು ಬೆಳಿಗ್ಗೆಯಿಂದ ಮೂರು ಜೀಪು ಬಂದು ನಿಂತಿವೆ. ಪ್ಲಾನಿನಲ್ಲಿ ಇಪ್ಪತ್ತನೇ ತಾರೀಕಿಗೆ ಬರಬೇಕಾದ ಹನ್ನೆರಡು ಬಂದಿಲ್ಲ. ನನ್ನ ಬೆನ್ನ ಹಿಂದೆ ಒಂಬತ್ತು ಹೊಸ ಯಂತ್ರ ನಿಂತಿವೆ, ಸ್ಪ್ಯಾನರು ಕೈಯಲ್ಲಿದೆ. ನಿನಗೆ ಕೊಟ್ಟ ಮಾತು ನೆನಪಿದೆ. ನಾಳೆ ಸಂಜೆಯವರೆಗೆ ಅಂತ ಅವರಿಗೆ ಹೇಳಿದ್ದೇನೆ.

ಅಪ್ಪ


ಅರಸೀಕೆರೆ
23 ಡಿಸೆಂಬರ್ 1999, ಬೆಳಿಗ್ಗೆ

ಅಪ್ಪಾ,

ಬೇರಿಂಗು ಬಂದಿರಲಿಲ್ಲ, ಅದಕ್ಕೇ ಡ್ರಮ್ಮು ಇಲ್ಲೇ ಕೂತಿದ್ದವು. ಕುಮಾರಸ್ವಾಮಿಯವರೇ ಸ್ಕೂಟರಿನಲ್ಲಿ ಹಾಸನಕ್ಕೆ ಹೋಗಿ ಬೇರಿಂಗು ತಂದರು. ಚನ್ನಪ್ಪನವರ ಜೊತೆ ನಾನೂ ಕೂತು ಗ್ರೀಸು ಹಚ್ಚಿದೆ. ಹನ್ನೆರಡೂ ಚಿಕ್ಕಣ್ಣನ ಟೆಂಪೊದಲ್ಲಿವೆ, ಈ ಕಾಗದ ಮೊದಲು ಬಸ್ಸಿನ ಕಂಡಕ್ಟರ್ ಕೈಲಿ ಬರುತ್ತದೆ. ಹಳೇಬೀಡಿನ ಹತ್ತಿರ ರಸ್ತೆ ಕೆಟ್ಟಿದೆ, ಮಧ್ಯಾಹ್ನ ಮೂರು ಗಂಟೆಯೊಳಗೆ ಬರುತ್ತಾನೆ. ಸ್ಪ್ಯಾನರು ಕೆಳಗಿಡು.

ಮಣಿ


ಬೇಲೂರು
9 ಫೆಬ್ರವರಿ 2000

ಪ್ಲಾನಿಂಗ್ ಸಹಾಯಕಿಯವರಿಗೆ,

ಕೊಯ್ಲು ಮುಗಿಯಿತು. ಯಂತ್ರ ನಲವತ್ತಾರೂ ಹೋದವು. ಗಂಡಸಿ ಊರಿನ ಕಡೆಯಿಂದ ಬಂದು ಇಲ್ಲಿ ತೋಟ ಮಾಡಿದವರೊಬ್ಬರಿಗೆ ಇಲ್ಲ ಎನ್ನಬೇಕಾಯಿತು, ಮುಂದಿನ ವರ್ಷಕ್ಕೆ ಮೊದಲ ಹೆಸರು ಅವರದು. ಡ್ರಮ್ಮು ನಲವತ್ತರಲ್ಲಿ ಮೂವತ್ತೊಂಬತ್ತು ಹೋದವು. ಯಾವ ಯಂತ್ರದ ಒಂದು ಬೋಲ್ಟನ್ನೂ ಬಿಚ್ಚಿಲ್ಲ. ಅವತ್ತು ಟೆಂಪೊ ಬಂದದ್ದು ಮೂರಕ್ಕಲ್ಲ, ನಾಲ್ಕೂವರೆಗೆ. ಆ ಒಂದೂವರೆ ಗಂಟೆ ನಾನು ಡಿಪೊದ ಬೀಗ ಹಾಕಿ ಹೊರಗೆ ಬೆಂಚಿನ ಮೇಲೆ ಕೂತಿದ್ದೆ.

ನಿನ್ನೆ ಗಂಗಾಧರಯ್ಯನವರು ಫೋನು ಮಾಡಿದ್ದರು. ಎರಡು ಬೀಗವನ್ನೂ ಮರೆತುಬಿಡು ಎಂದರು. ಯುಗಾದಿ ಆದ ಮೇಲೆ ಬಾ, ಕುರ್ಚಿ ಹಾಕಿಸಿರ್ತೀನಿ, ಪಕ್ಕದಲ್ಲಿ ನಿನ್ ಮಗಳಿಗೂ ಒಂದು ಎಂದರು. ‘ಆಧಾರ ಕೇಳೋಳು ಅವ್ಳೆ ಬುದ್ಧಿ, ತಗೊಂಡೇ ಬತ್ತೀನಿ’ ಎಂದೆ. ಹೊಸ ತುಂಡು ಮೂವತ್ತೊಂಬತ್ತು ಡಬ್ಬಿಗೆ ಹಾಕಿದ್ದೇನೆ.

ಉಳಿದ ಮಾಲು ಕಾರ್ಖಾನೆಗೆ ವಾಪಸು ಬರಬೇಕೆಂಬುದು ನಿಯಮ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಕಾಲಂನಲ್ಲಿ ಬರೆದಿದ್ದೇನೆ. ನಕಲು ಇಲ್ಲಿದೆ:

13-2-2000, ಭಾನುವಾರ. ವಾಪಸು: ಡ್ರಮ್ಮು, ಒಂದು. ತರುವವರು: ಉಗ್ರಪ್ಪ, ಖುದ್ದಾಗಿ. ಬೆಳಗಿನ ಬಸ್ಸು.

ಪಡೆದುಕೊಂಡವರ ಸಹಿಗೆ ಜಾಗ ಬಿಟ್ಟಿದ್ದೇನೆ, ಬಸ್‌ಸ್ಟ್ಯಾಂಡಿಗೆ ಪೆನ್ನು ತೆಗೆದುಕೊಂಡು ಬಾ. ಡ್ರಮ್ಮು ಭಾರ ಇದೆ, ಅಮ್ಮನನ್ನೂ ಕರೆದುಕೊಂಡು ಬಾ.

ನಿನ್ನ ಅಪ್ಪ,
ಉಗ್ರಪ್ಪ